ಗಾಳಿಯ ಮೆತ್ತೆಯ ಮೇಲಣ ನೌಕೆ

ಹಡಗು ಮುನ್ನಡೆಯುವಾಗ ಅದರ ಎಂಜಿನ್ನಿನ ಶಕ್ತಿಯ ಬಹುಭಾಗವು ನೀರಿನ ತಡೆಯನ್ನು ಎದುರಿಸುವುದರಲ್ಲಿಯೇ ವ್ಯಯವಾಗುತ್ತದೆ. ಹಡಗನ್ನು ನೀರಿನಿಂದ ತುಸು ಮೇಲಕ್ಕೆತ್ತಿ ಓಡಿಸಿದರೆ ಹೇಗೆ? ಬ್ರಿಟನ್ನಿನ ಎಂಜಿನಿಯರ್ ಕ್ರಿಸ್ಟೋಫರ್ ಕಾಕರೆಲ್ಲರು ಒಂದರೊಳಗೊಂದು ಇರಿಸಿದ ಎರಡು ತಗಡಿನ ಡಬ್ಬಿಗಳ ನಡುವಣ ಸಂದಿನಿಂದ ಗಾಳಿಯನ್ನು ಊದಿ, ಅದರ ಒತ್ತುಬಲವನ್ನು ತಕ್ಕಡಿಯಲ್ಲಿ ಅಳೆದರು. ಬಳೆಯಾಕಾರದ ಗಾಳಿಯ ಧಾರೆಯು ತನ್ನ ನಡುವೆ ಗಾಳಿಯ ಮೆತ್ತೆಯೊಂದನ್ನು ಹಿಡಿದಿಡಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ಈ ತತ್ತ್ವದ ಮೇಲೆ ರಚಿತವಾದ ಎಸ್.ಆರ್.ಎನ್. 1 ಎಂಬ ಹೋವರ್‌ಕ್ರಾಫ್ಟ್ 1959ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು.

1968ರಲ್ಲಿ ಎಸ್.ಆರ್.ಎನ್. 4 ಎಂಬ ಬೃಹತ್ ನೌಕೆಯು ಅದೇ ಕಡಲಿನಲ್ಲಿ, ಇಂಗ್ಲೆಂಡಿನ ಡೋವರಿಗೂ ಫ್ರಾನ್ಸಿಗೂ ನಡುವೆ, ಸಂಚಾರಕ್ಕಿಳಿಯಿತು. 1978ರಲ್ಲಿ ಬಂದ ಅದರ ಉದ್ದಗೊಳಿಸಿದ ಮಾದರಿಯು 418 ಪ್ರಯಾಣಿಕರನ್ನೂ 60 ಕಾರುಗಳನ್ನೂ ಒಮ್ಮೆಗೇ ಹೊರುತ್ತಿತ್ತು. ಹಡಗಿಗೆ ಒಂದೂವರೆ ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಸುಮಾರು 35 ನಿಮಿಷಗಳಲ್ಲಿ ಕ್ರಮಿಸುತ್ತಿತ್ತು.

ಆದರೂ 2000ದ ಅಕ್ಟೋಬರ್ 1ರಂದು ಈ ಸೇವೆ ಕೊನೆಗೊಂಡಿತು. ಕಾರಣವನ್ನು ನಾವು ಆ ಮೆತ್ತೆಯಲ್ಲಿಯೇ ಹುಡುಕಬೇಕು. ನೀರು ಹಡಗನ್ನು ಪುಕ್ಕಟೆಯಾಗಿ ತೇಲಿಸುತ್ತದೆ. ಗಾಳಿಯ ಮೆತ್ತೆಯನ್ನಾದರೋ ಕ್ಷಣಕ್ಷಣವೂ ಇಂಧನವನ್ನು ಉರಿಸಿ ತುಂಬುತ್ತಿರಬೇಕು. ಅದನ್ನು ಸುತ್ತುವರಿದ ರಬ್ಬರಿನ ಸೆರಗು ಅಲೆಗಳ ಹೊಡೆತಕ್ಕೆ ಸವೆಯುತ್ತಿತ್ತು. 1973ರಲ್ಲಿ ತೈಲದ ಬೆಲೆ ಏರಿತು; 1994ರಲ್ಲಿ ಕಡಲಡಿಯ ಸುರಂಗದಲ್ಲಿ ರೈಲು ಓಡತೊಡಗಿತು; 1999ರಲ್ಲಿ ನೌಕೆಯ ಮೇಲಣ ಸುಂಕರಹಿತ ಮಾರಾಟದ ಆದಾಯವೂ ನಿಂತಿತು.

ಹಾಗೆಂದು ಕಾಕರೆಲ್ಲರ ತತ್ತ್ವ ಸೋತಿತೆನ್ನಲಾಗದು. ಹಡಗಾಗಲಿ ಬಂಡಿಯಾಗಲಿ ಹೋಗಲಾರದ ಕೆಸರು, ಉಸುಕುಗಳ ಮೇಲೆ ಸಣ್ಣ ಹೋವರ್‌ಕ್ರಾಫ್ಟುಗಳು ಇಂದಿಗೂ ಸಂಚರಿಸುತ್ತವೆ; ಭಾರತದ ಕರಾವಳಿ ಕಾವಲು ಪಡೆಯಲ್ಲಿಯೂ ಅವನ್ನು ಕಾಣಬಹುದು. ಬೇರೆ ದಾರಿಯಿಲ್ಲದೆಡೆ ಗಾಳಿಯ ಬೆಲೆ ಹೆಚ್ಚೆನಿಸದು.