ಉಲುರು: ಮರಳಿಸಿದ ದಿನವೇ ಗುತ್ತಿಗೆ

ಮೂಲನಿವಾಸಿಗಳಿಗೆ ಅವರ ನೆಲವನ್ನು ಮರಳಿಸುವ ವಿಷಯವನ್ನು ಬೋಧಿಸಲು ಆಸ್ಟ್ರೇಲಿಯಾದ ಉಲುರು ಒಳ್ಳೆಯ ನಿದರ್ಶನ. ದೇಶದ ನಡುಭಾಗದ ಬಯಲಿನಲ್ಲಿ 348 ಮೀಟರ್ ಎತ್ತರಕ್ಕೆ ನಿಂತಿರುವ ಈ ಕೆಂಪು ಬಂಡೆ ಅನಂಗು ಜನರಿಗೆ ಪವಿತ್ರ. ವಸಾಹತುಗಾರರು ಅದಕ್ಕೆ ಏರ್ಸ್ ರಾಕ್ ಎಂದು ಹೆಸರಿಟ್ಟರು. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು, ಪ್ರವಾಸಿಗರು ಮೇಲೆ ಹತ್ತತೊಡಗಿದರು.

1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ಸರ್ ನಿನಿಯನ್ ಸ್ಟೀಫನ್ ಹಕ್ಕುಪತ್ರವನ್ನು ಅನಂಗು ಜನರಿಗೆ ಹಸ್ತಾಂತರಿಸಿದರು. ಅದೇ ದಿನ ಅವರು ಆ ನೆಲವನ್ನು 99 ವರ್ಷಗಳಿಗೆ ಸರ್ಕಾರಕ್ಕೇ ಗುತ್ತಿಗೆ ಕೊಟ್ಟರು. ಮರಳಿಸುವಾಗ ಸರ್ಕಾರ ಹಾಕಿದ್ದ ಷರತ್ತೇ ಅದು.

"ಹಾಗಾದರೆ ವಾಪಸ್ ಕೊಟ್ಟದ್ದೇನು?" ಎಂದು ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ, ಕೇಳಲೇಬೇಕು. ಪಾಠದ ತಿರುಳೇ ಈ ಪ್ರಶ್ನೆ. ಅವಧಿ ಮುಗಿಯಿತೆಂದು ದಾಟಿಸಬೇಡಿ. ಗುತ್ತಿಗೆಯ ಹಣ ಬರುತ್ತದೆ ಎಂಬುದು ಅರ್ಧ ಉತ್ತರ. ಉದ್ಯಾನದ ಆಡಳಿತ ಮಂಡಳಿಯಲ್ಲಿ ಅನಂಗು ಸದಸ್ಯರದೇ ಬಹುಮತ ಎಂಬುದು ಇನ್ನರ್ಧ. ಬಂಡೆ ಹತ್ತಬೇಡಿ ಎಂದು ಅವರು ಬಹುಕಾಲ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. ಹತ್ತುವುದನ್ನು ನಿಲ್ಲಿಸಲು ಮಂಡಳಿ 2017ರಲ್ಲಿ ಒಮ್ಮತದಿಂದ ತೀರ್ಮಾನಿಸಿತು. ನಿಷೇಧ ಜಾರಿಯಾದದ್ದು 2019ರ ಅಕ್ಟೋಬರ್ 26ರಂದು. ಕಪ್ಪುಹಲಗೆಯ ಮೇಲೆ ಹಸ್ತಾಂತರದ ದಿನಾಂಕವನ್ನೂ ಇದನ್ನೂ ಒಂದರ ಕೆಳಗೊಂದು ಬರೆದು, ನಡುವಿನ ವರ್ಷಗಳನ್ನು ಮಕ್ಕಳೇ ಲೆಕ್ಕ ಹಾಕಲಿ.