ಗ್ರಾಹಕಿಯ ಮನ ಗೆಲ್ಲಲು ಗುಲಾಬಿ ಬಣ್ಣ ಸಾಲದು

ಮನೆಗೆ ತರುವ ಬೇಳೆ, ಎಣ್ಣೆ, ಸೋಪಿನಿಂದ ಹಿಡಿದು ಮಗಳ ಮದುವೆಯ ಚಿನ್ನದವರೆಗೆ ಯಾವುದನ್ನು, ಎಲ್ಲಿ, ಎಷ್ಟಕ್ಕೆ ಕೊಳ್ಳಬೇಕು ಎಂಬ ತೀರ್ಮಾನದಲ್ಲಿ ಮಹಿಳೆಯ ಮಾತಿಗೆ ತೂಕ ಹೆಚ್ಚು. ಕಂಪೆನಿಗಳಿಗೆ ಇದು ಹೊಸ ಸಂಗತಿಯೇನಲ್ಲ. ಆದರೂ ಸರಕಿಗೆ ಗುಲಾಬಿ ಬಣ್ಣ ಬಳಿದು, ಹೂವಿನ ಚಿತ್ರ ಅಂಟಿಸಿ, ಪಕ್ಕದಲ್ಲಿ ಚಿತ್ರತಾರೆಯೊಬ್ಬಳನ್ನು ನಿಲ್ಲಿಸಿದರೆ ಕೆಲಸ ಮುಗಿಯಿತು ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಕಳೆದ ನಾಲ್ಕು ದಶಕಗಳ ಭಾರತೀಯ ಮಾರುಕಟ್ಟೆಯ ಅನುಭವ ಬೇರೆಯದನ್ನೇ ಹೇಳುತ್ತದೆ. ಗ್ರಾಹಕಿಯ ಲೆಕ್ಕಾಚಾರವನ್ನು ಗೌರವಿಸಿ, ಆಕೆಯ ನಿಜವಾದ ತೊಂದರೆಯೊಂದನ್ನು ನೀಗಿಸಿದ ಬ್ರಾಂಡ್‌ಗಳಿಗೆ ಗೆಲುವು ಒಲಿದಿದೆ.

ಈಗ ಈ ಮಾತಿಗೆ ಮತ್ತಷ್ಟು ಮಹತ್ವ ಬಂದಿದೆ. ತಾವೇ ಬಳಸುವ ಬ್ಯಾಂಕ್ ಖಾತೆ ಹೊಂದಿರುವ ಮಹಿಳೆಯರ ಪ್ರಮಾಣ ದೇಶದಲ್ಲಿ 2015-16ರಲ್ಲಿ ಶೇ. 53ರಷ್ಟಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು ಶೇ. 78.6ಕ್ಕೆ ಏರಿತು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಕುಟುಂಬದ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂ. ಜಮೆ ಮಾಡುವ ವ್ಯವಸ್ಥೆಯನ್ನು ತಂದಿತು. ಫಲಾನುಭವಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಹೀಗೆ ಆಕೆಯ ಕೈಗೆ ಬಂದ ಹಣವನ್ನು ಬಯಸುವ ಕಂಪೆನಿ ಮೊದಲು ಆಕೆಯ ವಿಶ್ವಾಸವನ್ನು ಗಳಿಸಬೇಕಾಗುತ್ತದೆ.

ಲಲಿತಾಜಿಯ ಲೆಕ್ಕ

1980ರ ದಶಕದಲ್ಲಿ ಅಹಮದಾಬಾದಿನ ನಿರ್ಮಾ ಪುಡಿ ಅಗ್ಗದ ಬೆಲೆಯಿಂದಲೇ ಮನೆಮನೆಗಳನ್ನು ಪ್ರವೇಶಿಸಿದಾಗ ಹಿಂದೂಸ್ತಾನ್ ಲಿವರ್‌ನ ಸರ್ಫ್ ತತ್ತರಿಸಿತು. ಬೆಲೆ ಇಳಿಸಿ ಸೆಣಸುವುದು ಸುಲಭವಿರಲಿಲ್ಲ. ಆಗ ಲಿಂಟಾಸ್ ಜಾಹೀರಾತು ಸಂಸ್ಥೆಯ ಅಲೀಕ್ ಪದಮ್ಸಿ ಸೃಷ್ಟಿಸಿದ ಪಾತ್ರವೇ ಲಲಿತಾಜಿ. ಕವಿತಾ ಚೌಧರಿ ಅಭಿನಯಿಸಿದ ಈ ಗೃಹಿಣಿ ತರಕಾರಿಯವನೊಂದಿಗೆ ಚೌಕಾಸಿ ಮಾಡುತ್ತಾಳೆ, ಕೊಡುವ ಪ್ರತಿ ಪೈಸೆಗೂ ಲೆಕ್ಕ ಕೇಳುತ್ತಾಳೆ. ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ಇರುವ ಅಂತರವನ್ನು ವಿವರಿಸಿ, ಅರ್ಧ ಕಿಲೋ ಸರ್ಫ್ ಒಂದು ಕಿಲೋ ಸಾಮಾನ್ಯ ಪುಡಿಗೆ ಸಮ ಎಂದು ವಾದಿಸುತ್ತಾಳೆ. ಬಟ್ಟೆಯ ಬಿಳುಪು ಕಂಡು ಬೆರಗಾಗುವ ಹೆಂಗಸಿನ ಬದಲು ಲೆಕ್ಕ ಹಾಕಿ ಕೊಳ್ಳುವ ಹೆಂಗಸನ್ನು ದೂರದರ್ಶನದ ಪರದೆಗೆ ತಂದದ್ದು ಆ ಜಾಹೀರಾತಿನ ಹೆಚ್ಚುಗಾರಿಕೆ.

ಅದೇ ದಶಕದಲ್ಲಿ ತಮಿಳುನಾಡಿನ ಕಡಲೂರಿನಿಂದ ಮತ್ತೊಂದು ಪಾಠ ಬಂತು. ಬಾಟಲಿ ಶಾಂಪೂ ಕೊಳ್ಳಲು ಒಮ್ಮೆಗೇ ಅಷ್ಟು ಹಣ ತೆರಲಾಗದ ಕುಟುಂಬಗಳಿಗೆ ಒಂದು ತಲೆಸ್ನಾನಕ್ಕೆ ಸಾಲುವಷ್ಟೇ ಶಾಂಪೂವಿನ ಪುಟ್ಟ ಪೊಟ್ಟಣ ವರವಾಯಿತು. 1983ರಲ್ಲಿ ಆರಂಭವಾದ ಚಿಕ್ ಶಾಂಪೂ ಮುಂದೆ 50 ಪೈಸೆಯ ಪೊಟ್ಟಣದ ಮೂಲಕ ಹಳ್ಳಿಯ ಅಂಗಡಿಗಳನ್ನು ತಲುಪಿತು. ವಾರದ ಕೂಲಿಯಲ್ಲಿ ಸಂಸಾರ ತೂಗಿಸುವ ಮಹಿಳೆಯ ಕೈಯಲ್ಲಿ ಒಂದು ಬಾರಿಗೆ ಎಷ್ಟು ಹಣವಿರುತ್ತದೆ ಎಂಬ ಅರಿವೇ ಇಲ್ಲಿ ಮಾರಾಟದ ತಂತ್ರವಾಯಿತು.

ಚಿನ್ನದ ಸತ್ಯಪರೀಕ್ಷೆ

ವಿಶ್ವಾಸ ಗಳಿಸುವ ಬಗೆಗೆ ಉತ್ತಮ ನಿದರ್ಶನ ಬೆಂಗಳೂರನ್ನು ಕೇಂದ್ರವಾಗಿ ಹೊಂದಿರುವ ಟೈಟಾನ್ ಕಂಪೆನಿಯ ತನಿಷ್ಕ್. 1990ರ ದಶಕದಲ್ಲಿ ಆಭರಣ ಮಾರಾಟಕ್ಕೆ ಇಳಿದಾಗ ಅದು 18 ಕ್ಯಾರೆಟ್‌ನ, ಪಾಶ್ಚಾತ್ಯ ವಿನ್ಯಾಸದ ಒಡವೆಗಳನ್ನು ಮುಂದಿಟ್ಟಿತು. ಭಾರತೀಯ ಮಹಿಳೆಗೆ ಚಿನ್ನವೆಂದರೆ ಅಲಂಕಾರವೂ ಹೌದು, ಕಷ್ಟಕಾಲಕ್ಕೆ ಒದಗುವ ಉಳಿತಾಯವೂ ಹೌದು. ಆಕೆ ಕೇಳಿದ್ದು 22 ಕ್ಯಾರೆಟ್. ನಷ್ಟ ಅನುಭವಿಸಿದ ಕಂಪೆನಿ ತನ್ನ ದಾರಿ ಬದಲಿಸಿತು.

ಬಳಿಕ ಮಳಿಗೆಗಳಿಗೆ ಬಂದದ್ದು ಕ್ಯಾರೆಟ್‌ಮೀಟರ್. ಕ್ಷಕಿರಣದ ನೆರವಿನಿಂದ, ಒಡವೆಯನ್ನು ಕರಗಿಸದೆ, ಗೀರದೆ, ಕೆಲವೇ ನಿಮಿಷಗಳಲ್ಲಿ ಶುದ್ಧತೆಯನ್ನು ಹೇಳುವ ಯಂತ್ರವಿದು. 22 ಕ್ಯಾರೆಟ್ ಎಂದು ನಂಬಿ ಕೊಂಡಿದ್ದ ಒಡವೆ ಅದಕ್ಕಿಂತ ಕಡಿಮೆ ಎಂಬುದು ಅನೇಕರಿಗೆ ಅಲ್ಲಿಯೇ ತಿಳಿಯಿತು. 22 ಕ್ಯಾರೆಟ್ ಎಂದರೆ ಶೇ. 91.6ರಷ್ಟು ಅಪ್ಪಟ ಚಿನ್ನ. 19 ಕ್ಯಾರೆಟ್‌ನಲ್ಲಿ ಇರುವುದು ಸುಮಾರು ಶೇ. 79 ಮಾತ್ರ. ಅಂದರೆ ನೂರು ಗ್ರಾಂ ಒಡವೆಯಲ್ಲಿ ಹನ್ನೆರಡು ಗ್ರಾಂಗೂ ಹೆಚ್ಚು ಚಿನ್ನ ಖೋತಾ. ಇಂತಹ ಒಡವೆ ತಂದವರಿಗೆ ಮಜೂರಿ ಮಾತ್ರ ಪಡೆದು 22 ಕ್ಯಾರೆಟ್‌ನ ಆಭರಣ ಕೊಡುವ ವಿನಿಮಯ ಯೋಜನೆಯನ್ನೂ ಕಂಪೆನಿ ಪ್ರಕಟಿಸಿತು. ಇದರಿಂದ ಗ್ರಾಹಕಿಗೆ ತಾನು ಕೊಳ್ಳುವುದನ್ನು ಪರೀಕ್ಷಿಸಿ ನೋಡುವ ಅವಕಾಶ ದೊರೆಯಿತು. ಮುಂದೆ 2021ರ ಜೂನ್‌ನಿಂದ ಸರ್ಕಾರವೇ ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಮುದ್ರೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು.

ಭಾರ ಇಳಿಸಿದ ಸ್ಕೂಟರ್

ಹೊಸೂರಿನ ಟಿವಿಎಸ್ ಕಂಪೆನಿಯ ಸ್ಕೂಟಿ 1990ರ ದಶಕದಲ್ಲಿ ಬಂದಾಗ ಗೇರ್ ಬದಲಿಸುವ ಗೊಡವೆ ಇಲ್ಲದ ಹಗುರ ವಾಹನವಾಗಿತ್ತು. ಕಾಲೇಜಿಗೆ, ಕಚೇರಿಗೆ ಹೋಗುವ ಯುವತಿಯರು ಅದನ್ನು ಮೆಚ್ಚಿದರು. ನಂತರದ ಸ್ಕೂಟಿ ಪೆಪ್ ಪ್ಲಸ್‌ನ ತೂಕ ಸುಮಾರು 95 ಕೆ.ಜಿ. ಮಾತ್ರ. ವಾಹನವನ್ನು ಸ್ಟ್ಯಾಂಡ್‌ಗೆ ಏರಿಸಲು ಪಡುವ ಶ್ರಮವನ್ನು ತಗ್ಗಿಸುವ ವ್ಯವಸ್ಥೆಯೂ ಅದರಲ್ಲಿತ್ತು. ಬಣ್ಣಗಳ ಆಯ್ಕೆ ಹೇರಳವಾಗಿತ್ತು, ನಿಜ. ಆದರೆ ಬಣ್ಣದ ಹಿಂದೆ ಎತ್ತರ, ತೂಕ, ಸೀರೆ ಅಥವಾ ಚೂಡಿದಾರ್ ತೊಟ್ಟು ಕೂರುವ ಅನುಕೂಲ ಇವೆಲ್ಲವೂ ಇದ್ದವು. ಬಸ್ಸಿಗೆ ಕಾಯದೆ, ಅಣ್ಣನನ್ನೋ ಗಂಡನನ್ನೋ ಕೇಳದೆ ಹೊರಡುವ ಸ್ವಾತಂತ್ರ್ಯವನ್ನು ಈ ವಾಹನಗಳು ಒದಗಿಸಿದವು.

ಎಡವಿದವರು

ಬಣ್ಣವನ್ನಷ್ಟೇ ನೆಚ್ಚಿದವರ ಕಥೆಯೂ ಇದೆ. 2009ರಲ್ಲಿ ಅಮೆರಿಕದ ಡೆಲ್ ಕಂಪೆನಿ ಮಹಿಳೆಯರಿಗಾಗಿ ‘ಡೆಲ್ಲಾ’ ಎಂಬ ಅಂತರ್ಜಾಲ ತಾಣ ತೆರೆದು, ಅಡುಗೆ ಮತ್ತು ಕ್ಯಾಲೊರಿ ಲೆಕ್ಕಕ್ಕೆ ಲ್ಯಾಪ್‌ಟಾಪ್ ಬಳಸಬಹುದೆಂದು ಬೋಧಿಸಿತು. ಟೀಕೆಯ ಸುರಿಮಳೆಯಾಗಿ ಕೆಲವೇ ವಾರಗಳಲ್ಲಿ ತಾಣವನ್ನು ಬದಲಿಸಬೇಕಾಯಿತು. 2012ರಲ್ಲಿ ಬಿಕ್ ಕಂಪೆನಿ ‘ಆಕೆಗಾಗಿ’ ಎಂದು ಮಾರಿದ ತಿಳಿಬಣ್ಣದ ಪೆನ್ನುಗಳು ಜಗತ್ತಿನ ಹಾಸ್ಯಕ್ಕೆ ಗುರಿಯಾದವು.

ಮಹಿಳೆಯ ಕೀಳರಿಮೆಯನ್ನು ಕೆದಕಿ ಮಾರುವ ವಿಧಾನ ಇದಕ್ಕಿಂತ ಕೆಟ್ಟದ್ದು. ಕಪ್ಪು ಮೈಬಣ್ಣದವರಿಗೆ ಕೆಲಸವಿಲ್ಲ, ವರನಿಲ್ಲ ಎಂಬಂತೆ ತೋರಿಸುವ ಜಾಹೀರಾತುಗಳ ವಿರುದ್ಧ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನೇ ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ವಿಸ್ಪರ್ ಬ್ರಾಂಡ್‌ನ ‘ಟಚ್ ದಿ ಪಿಕಲ್’ ಪ್ರಚಾರ. ಮುಟ್ಟಾದವರು ಉಪ್ಪಿನಕಾಯಿ ಮುಟ್ಟಬಾರದೆಂಬ ನಂಬಿಕೆಯನ್ನು ಪ್ರಶ್ನಿಸಿದ ಅದು 2015ರಲ್ಲಿ ಕಾನ್ ಜಾಹೀರಾತು ಉತ್ಸವದ ಗ್ಲಾಸ್ ಲಯನ್ ವಿಭಾಗದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು.

ಮೊಬೈಲ್ ಒಂದೇ ದಾರಿಯಲ್ಲ

ಪ್ರಚಾರವೆಲ್ಲ ಮೊಬೈಲಿಗೆ ಸರಿಯುತ್ತಿರುವ ಈ ದಿನಗಳಲ್ಲಿ ಮತ್ತೊಂದು ಅಂಶವನ್ನು ಮರೆಯುವಂತಿಲ್ಲ. ಮೇಲೆ ಹೇಳಿದ 2019-21ರ ಸಮೀಕ್ಷೆಯಂತೆ ತಾವೇ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರು ಶೇ. 54ರಷ್ಟು ಮಾತ್ರ. ಆದ್ದರಿಂದ ಸ್ವಸಹಾಯ ಸಂಘ, ಸಂತೆ, ಊರ ಅಂಗಡಿ, ನೆರೆಮನೆಯಾಕೆಯ ಶಿಫಾರಸು ಇವು ಇಂದಿಗೂ ಬಲವಾದ ಮಾಧ್ಯಮಗಳೇ. ಹಪ್ಪಳ, ಮಸಾಲೆಪುಡಿ ತಯಾರಿಸುವ ಸಣ್ಣ ಉದ್ಯಮಿಗೂ ಈ ದಾರಿ ತೆರೆದಿದೆ. ಸರಿಯಾದ ತೂಕ, ಸ್ಪಷ್ಟವಾಗಿ ಮುದ್ರಿಸಿದ ಬೆಲೆ, ಕೆಟ್ಟರೆ ಬದಲಿಸಿಕೊಡುವ ಮಾತು ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ಗ್ರಾಹಕಿಯ ಕೈಯಲ್ಲಿ ಕಾನೂನಿನ ಬಲವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಆದರೆ ದಂಡಕ್ಕಿಂತ ದೊಡ್ಡ ಶಿಕ್ಷೆಯನ್ನು ಆಕೆ ಅಂಗಡಿಯ ಕಟ್ಟೆಯ ಬಳಿಯೇ ವಿಧಿಸಬಲ್ಲಳು. ಒಮ್ಮೆ ಮೋಸ ಹೋದವಳು ಆ ಸರಕನ್ನು ಮತ್ತೆ ಕೊಳ್ಳುವುದಿಲ್ಲ. ಅಕ್ಕತಂಗಿಯರಿಗೂ ಬೇಡವೆಂದು ಹೇಳುತ್ತಾಳೆ.