ಕಟ್ಟುವ ಆಟ ಕಟ್ಟಿಹಾಕಿದಾಗ

ಕಳೆದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾಗಿ ಕೆಲವು ದಿನಗಳಾಗಿದ್ದವು. ಹದಿಮೂರು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಒಂದು ತಿಂಗಳಿಂದ ತಲೆನೋವು, ಕಣ್ಣುರಿ. ಬೆಳಿಗ್ಗೆ ಏಳಲಾರ, ತಿಂಡಿ ಬೇಡ. ಹುಡುಗ ಬಾಯಿ ಬಿಡುವ ಮೊದಲೇ ತಂದೆ ಹೇಳಿದರು: "ಡಾಕ್ಟ್ರೇ, ಕಾರಣ ನಮಗೆ ಗೊತ್ತು. ರಾತ್ರಿ ಒಂದು ಗಂಟೆಯಾದ್ರೂ ಕಂಪ್ಯೂಟರ್ ಮುಂದೆ ಕೂತು ಇಟ್ಟಿಗೆ ಜೋಡಿಸ್ತಾನೆ. ಅದೇನೋ ಊರು ಕಟ್ಟೋ ಆಟವಂತೆ. ನೀವೇ ಒಂದು ಮಾತು ಹೇಳಿ."

ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ, ಟಾರ್ಚ್ ಬಿಟ್ಟು ಕಣ್ಣು ನೋಡಿದೆ. ಹೊರಗೆ ರೋಗಿಗಳ ಸಾಲು ಕಾಯುತ್ತಿತ್ತು. "ಆಟ ಪೂರ್ತಿ ನಿಲ್ಲಿಸಿಬಿಡಿ, ಎಲ್ಲ ಸರಿಹೋಗುತ್ತೆ" ಎಂದು ಮಾತ್ರೆ ಬರೆದುಕೊಟ್ಟು ಕಳುಹಿಸಿದೆ.

ಹತ್ತು ದಿನ ಕಳೆದು ತಾಯಿ ಒಬ್ಬರೇ ಬಂದರು. ಅಂದು ರಾತ್ರಿಯೇ ತಂದೆ ಆ ಆಟವನ್ನು, ಮಗ ಮೂರು ತಿಂಗಳು ಕಟ್ಟಿದ್ದ ಊರಿನ ಸಮೇತ, ಕಂಪ್ಯೂಟರಿನಿಂದ ಅಳಿಸಿಹಾಕಿದ್ದರು. "ಅವತ್ತಿಂದ ಅಪ್ಪನ ಹತ್ರ ಮಾತೇ ಇಲ್ಲ ಡಾಕ್ಟ್ರೇ. ಅರ್ಧ ಊಟಕ್ಕೇ ಎದ್ದುಬಿಡ್ತಾನೆ. ತಲೆನೋವೂ ಹಾಗೇ ಇದೆ."

ಕೊನೆಯ ಮಾತು ನನ್ನನ್ನು ಚುಚ್ಚಿತು. ಆಟ ಹೋಗಿದೆ, ತಲೆನೋವು ಹೋಗಿಲ್ಲ ಎಂದರೆ ನನ್ನ ರೋಗನಿರ್ಣಯವೇ ತಪ್ಪಿತ್ತು. ಮರುದಿನ ಹುಡುಗನನ್ನು ಕರೆಸಿ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಗಳನ್ನು ಕೇಳಿದೆ. ಅದು ಯಾವ ಆಟ? ಅದರಲ್ಲಿ ನಿನಗೇನು ಇಷ್ಟ? ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದ್ದು ಯಾವಾಗ? ತಲೆ ತಗ್ಗಿಸಿ ಕೂತಿದ್ದವನು ಅರ್ಧ ಗಂಟೆ ಬಿಡದೆ ಮಾತಾಡಿದ. ಆಮೇಲೆ ಅದೇ ಆಟ ಆಡಿದ್ದ ಇನ್ನೂ ಕೆಲವರನ್ನು ವಿಚಾರಿಸಿದೆ. ಅವರ ಮಾತುಗಳಿಂದ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಏನಿದು ಆಟ?

ಅದರ ಹೆಸರು 'ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್ 2'. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯದು. 2018ರ ಡಿಸೆಂಬರ್‌ನಲ್ಲಿ ಜಪಾನಿನಲ್ಲೂ 2019ರ ಜುಲೈನಲ್ಲಿ ಇತರ ದೇಶಗಳಲ್ಲೂ ಬಿಡುಗಡೆಯಾಯಿತು. ಅದೇ ವರ್ಷದ ಕೊನೆಗೆ ಕಂಪ್ಯೂಟರಿಗೂ ಬಂತು. 1986ರಲ್ಲಿ ಶುರುವಾದ 'ಡ್ರ್ಯಾಗನ್ ಕ್ವೆಸ್ಟ್' ಜಪಾನಿನ ಮನೆಮಾತಾದ ಆಟಗಳ ಸರಣಿ. ಅದರ ಲೋಕದಲ್ಲೇ ಇಟ್ಟಿಗೆಯಂಥ ಚೌಕ ಬ್ಲಾಕುಗಳಿಂದ ಮನೆ, ಹೊಲ, ಕೋಟೆ ಕಟ್ಟುವ ಆಟ 2016ರಲ್ಲಿ ಬಂದಿತ್ತು. ಇದು ಅದರ ಎರಡನೆಯ ಭಾಗ.

ಕಥೆ ಸರಳ. ಹಾರ್ಗನ್ ಎಂಬ ಖಳಗುರುವಿನ ಹಿಂಬಾಲಕರು ಕಟ್ಟುವುದನ್ನೇ ಪಾಪವೆಂದು ಸಾರಿ, ನಾಶವನ್ನು ಪೂಜಿಸುತ್ತಿದ್ದಾರೆ. ಕಟ್ಟುವ ಕಲೆ ಬಲ್ಲ ನಾಯಕ ಅವರ ಹಡಗಿನಲ್ಲಿ ಸೆರೆಯಾಳು. ಹಡಗು ಮುಳುಗಿ ಅವನು ಪಾಳುಬಿದ್ದ ದ್ವೀಪವೊಂದನ್ನು ಸೇರುತ್ತಾನೆ. ಅಲ್ಲಿ ಮ್ಯಾಲ್‌ರಾತ್ ಎಂಬ ಹುಡುಗ ಜೊತೆಯಾಗುತ್ತಾನೆ. ಅವನಿಗೆ ತನ್ನ ಹಿಂದಿನದೇನೂ ನೆನಪಿಲ್ಲ. ಹೊಡೆದಾಟದಲ್ಲಿ ಗಟ್ಟಿಗ, ಆದರೆ ಏನನ್ನೂ ಕಟ್ಟಲಾರ. ಇಬ್ಬರೂ ಬೇರೆ ಬೇರೆ ದ್ವೀಪಗಳಿಗೆ ಹೋಗಿ ಫರೋಫೀಲ್ಡ್‌ನಲ್ಲಿ ಬೇಸಾಯ, ಕ್ರಂಬಲ್-ಡನ್‌ನಲ್ಲಿ ಗಣಿಗಾರಿಕೆ, ಮೂನ್‌ಬ್ರೂಕ್‌ನಲ್ಲಿ ಕೋಟೆ ಕಟ್ಟುವ ಕೆಲಸ ಕಲಿಯುತ್ತಾರೆ. ಕಲಿತದ್ದನ್ನು ತಮ್ಮ ದ್ವೀಪಕ್ಕೆ ತಂದು ಊರು ಬೆಳೆಸುತ್ತಾರೆ.

ಗುಂಡು, ರಕ್ತ ಎಂದೆಲ್ಲ ಊಹಿಸಿಕೊಂಡಿದ್ದ ನನಗೆ ಇದು ಆಶ್ಚರ್ಯ ತಂದಿತು. ಹೊಡೆದಾಟ ಇದೆ, ಆದರೆ ಗೊಂಬೆಯಾಟದ ಮಟ್ಟದ್ದು. ಈ ಆಟದಲ್ಲಿ ಊರವರಿಗೆ ಕಕ್ಕಸೂ ಕಟ್ಟಿಕೊಡಬೇಕೆಂದು ಹುಡುಗ ಸಂಕೋಚದಿಂದಲೇ ಹೇಳಿದಾಗ, ವೈದ್ಯನಾಗಿ ನನಗೆ ಸಂತೋಷವೇ ಆಯಿತೆನ್ನಿ!

ಆಡಿದವರ ಅನುಭವ

ಮೊದಲ ಭಾಗವನ್ನೂ ಆಡಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಎರಡನೆಯದನ್ನು ಬಾಯ್ತುಂಬ ಹೊಗಳಿದ. ಮೊದಲನೆಯದರಲ್ಲಿ ಸುತ್ತಿಗೆ, ಕತ್ತಿ ಬಳಸಿದಂತೆ ಸವೆದು ಮುರಿಯುತ್ತಿದ್ದವು. ಮತ್ತೆ ಮತ್ತೆ ಮಾಡಿಕೊಳ್ಳಬೇಕಿತ್ತು. ಅಧ್ಯಾಯ ಮುಗಿದರೆ ಕಟ್ಟಿದ ಊರನ್ನು ಬಿಟ್ಟು ಹೊಸ ಜಾಗದಲ್ಲಿ ಬರಿಗೈಯಲ್ಲಿ ಆರಂಭಿಸಬೇಕಿತ್ತು. ಎರಡನೆಯದರಲ್ಲಿ ಈ ಕಾಟಗಳಿಲ್ಲ. ಉಪಕರಣ ಮುರಿಯುವುದಿಲ್ಲ, ಕಲಿತ ವಿದ್ಯೆ ಕಳೆಯುವುದಿಲ್ಲ, ಸ್ವಂತ ದ್ವೀಪ ಕೊನೆಯವರೆಗೂ ನಮ್ಮದೇ. ನೀರಿನಲ್ಲಿ ಮುಳುಗಿ ಈಜಬಹುದು, ಎತ್ತರದಿಂದ ಗಾಳಿಯಲ್ಲಿ ತೇಲಿ ಇಳಿಯಬಹುದು. ನಾಲ್ವರು ಗೆಳೆಯರು ಒಂದೇ ದ್ವೀಪದಲ್ಲಿ ಸೇರಿ ಕಟ್ಟಲೂಬಹುದು.

ಎರಡು ಮಕ್ಕಳ ತಾಯಿ, ಕಚೇರಿ ಕೆಲಸ ಮಾಡುವ ಮಹಿಳೆಯೊಬ್ಬರು ಬೇರೆಯದನ್ನೇ ಹೇಳಿದರು: "ಇದರಲ್ಲಿ ಕೆಲಸ ಮಾಡಿದ್ರೆ ಥ್ಯಾಂಕ್ಸ್ ಹೇಳೋರಿದ್ದಾರೆ ಡಾಕ್ಟ್ರೇ." ಮಾತು ನಿಜ. ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಹಾಸಿಗೆ ಹಾಸಿದರೆ ಊರವರು ಓಡಿಬಂದು ಕೊಂಡಾಡುತ್ತಾರೆ. ಅವರ ಕೃತಜ್ಞತೆ ಪುಟ್ಟ ಹೃದಯಗಳಾಗಿ ಉದುರುತ್ತದೆ. ಸಾಕಷ್ಟು ಕೂಡಿದ ಮೇಲೆ ಗಂಟೆ ಬಾರಿಸಿದರೆ ಊರು ಒಂದು ಮೆಟ್ಟಿಲು ಮೇಲೇರುತ್ತದೆ.

ದೂರುಗಳೂ ಇವೆ. ಆರಂಭದಲ್ಲಿ ಮಾತು ಬಹಳ. ಕೈಹಿಡಿದು ಕಲಿಸುವುದು ಮುಗಿಯುವುದೇ ಇಲ್ಲ, ಸ್ವತಂತ್ರವಾಗಿ ಕಟ್ಟಲು ಗಂಟೆಗಟ್ಟಲೆ ಕಾಯಬೇಕು ಎಂಬುದು ವಿದ್ಯಾರ್ಥಿಯ ಆಕ್ಷೇಪ. ನಡುವೆ ಬರುವ ಸೆರೆಮನೆಯ ಭಾಗ ಎಳೆದಾಟ ಎಂದು ಆ ತಾಯಿಗೆ ಬೇಸರ. ಕಿರಿದಾದ ಕೋಣೆಯೊಳಗೆ ಹೊಕ್ಕರೆ ನೋಟ ಅಡ್ಡಾದಿಡ್ಡಿಯಾಗುತ್ತದೆ ಎಂದು ಇಬ್ಬರೂ ಹೇಳಿದರು. ಆದರೂ 'ಬೇಸರವಾಯಿತು, ಬಿಟ್ಟೆ' ಎಂದವರು ನನಗೆ ಸಿಗಲಿಲ್ಲ.

ನಮ್ಮ ಹುಡುಗ ಹೇಳಿದ್ದು ಮ್ಯಾಲ್‌ರಾತ್‌ನ ವಿಷಯ: "ಅವನು ಯಾವಾಗ್ಲೂ ಜೊತೇಲೇ ಇರ್ತಾನೆ. ನಾನು ಮರ ಕಡಿದ್ರೆ ಅವನೂ ಕಡೀತಾನೆ. ಹೊಸದೇನಾದ್ರೂ ಕಟ್ಟಿದ್ರೆ ಖುಷಿ ಪಡ್ತಾನೆ." ಆ ವರ್ಷ ಅವನ ಶಾಲೆ ಬದಲಾಗಿತ್ತು, ಹಳೆಯ ಗೆಳೆಯರು ತಪ್ಪಿಹೋಗಿದ್ದರು ಎಂಬುದು ನನಗೆ ತಿಳಿದದ್ದು ಆಗಲೇ.

ಬಿಡಲಾಗದು ಏಕೆ?

ಗಮನಿಸಿ: ಆಡಿದವರು ಹೊಗಳಿದ ಗುಣಗಳೇ ಆಟವನ್ನು ಬಿಡಲಾಗದಂತೆ ಮಾಡುವ ಕಾರಣಗಳೂ ಹೌದು. ಮೊದಲ ಭಾಗದಲ್ಲಿ ಅಧ್ಯಾಯದ ಕೊನೆ ಎಂಬ ತಂಗುದಾಣವಿತ್ತು. ಇಲ್ಲಿ ಊರು ಎಂದೂ ಪೂರ್ತಿಯಾಗುವುದಿಲ್ಲ. ಒಬ್ಬನಿಗೆ ಕೋಣೆ ಕಟ್ಟಿಕೊಟ್ಟರೆ ಇನ್ನೊಬ್ಬಳು ಅಡುಗೆಮನೆ ಕೇಳುತ್ತಾಳೆ. ಬೀದಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳನ್ನು ಕತ್ತಲು ಮನೆಗೆ ಕಳುಹಿಸುತ್ತದೆ. ಪರದೆಯ ಮುಂದೆ ಆ ಕತ್ತಲು ಆಗುವುದೇ ಇಲ್ಲ.

ಸಣ್ಣ ಕೆಲಸ, ಕೂಡಲೇ ಮೆಚ್ಚುಗೆ, ಮತ್ತೊಂದು ಸಣ್ಣ ಕೆಲಸ. ಈ ಸರಪಳಿಗೆ ನಮ್ಮ ಮಿದುಳು ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಬಹುಮಾನದ ನಿರೀಕ್ಷೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕೆಲಸ ಮಾಡುತ್ತದೆ. ರುಚಿಯಾದ ಊಟ, ಪರೀಕ್ಷೆಯ ಅಂಕ, ಹಿರಿಯರ ಶಹಬ್ಬಾಸ್‌ಗಿರಿ ಎಲ್ಲದರಲ್ಲೂ ಇದರ ಪಾತ್ರವಿದೆ. ಆದ್ದರಿಂದ ಆಟವನ್ನು ವಿಷವೆನ್ನಬೇಕಾಗಿಲ್ಲ. ಆದರೆ ಶಹಬ್ಬಾಸ್ ಎಂಬ ಮಾತು ಮಗುವಿಗೆ ಬೇರೆಲ್ಲೂ ಸಿಗದಿದ್ದಾಗ ಆಟದ ಹಿಡಿತ ಬಿಗಿಯಾಗುತ್ತದೆ.

ದೇಹ ಹೇಳುವುದೇನು?

ಈ ಆಟದಲ್ಲಿ ನಾಯಕನಿಗೆ ಹಸಿವಿನ ಅಳತೆಯೊಂದಿದೆ. ಅದು ಇಳಿದರೆ ಅವನಿಗೆ ಉಣಿಸಬೇಕು. ರಾತ್ರಿಯಾದರೆ ಊರವರು ಹಾಸಿಗೆ ಸೇರುತ್ತಾರೆ. ನಾಯಕನ ಹೊಟ್ಟೆಯನ್ನು ಇಷ್ಟು ಜತನದಿಂದ ನೋಡಿಕೊಳ್ಳುವ ಮಕ್ಕಳು ತಮ್ಮ ತಿಂಡಿ, ನಿದ್ದೆ ಮರೆಯುವುದು ವಿಪರ್ಯಾಸ.

ಪರದೆಯನ್ನು ಎವೆಯಿಕ್ಕದೆ ನೋಡಿದಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ, ಕಣ್ಣೀರಿನ ಪದರ ಆರಿ, ಉರಿ ಬರುತ್ತದೆ. ಕತ್ತು ಬಗ್ಗಿಸಿ ಕೂತರೆ ಕತ್ತು, ಭುಜಗಳ ನೋವು. ಗುಂಡಿಗಳನ್ನು ಒತ್ತಿ ಒತ್ತಿ ಹೆಬ್ಬೆರಳು, ಮಣಿಕಟ್ಟಿನ ನೋವು. ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ಪರದೆಯ ಬೆಳಕು ಮತ್ತು ಆಟದ ಉತ್ಸಾಹ ಎರಡೂ ನಿದ್ದೆಯನ್ನು ಮುಂದಕ್ಕೆ ತಳ್ಳುತ್ತವೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಹುಡುಗ ಮಲಗುತ್ತಿದ್ದದ್ದು ಐದೇ ಗಂಟೆ.

ಆದರೆ ಎಲ್ಲವನ್ನೂ ಆಟದ ತಲೆಗೆ ಕಟ್ಟಬೇಡಿ. ನಾನು ಮಾಡಿದ ತಪ್ಪು ಅದೇ. ಅವನನ್ನು ನೇತ್ರತಜ್ಞರ ಬಳಿ ಕಳುಹಿಸಿದಾಗ ಎರಡೂ ಕಣ್ಣಿಗೆ ಸಿಲಿಂಡರ್ ಪವರ್ ಇರುವುದು ಗೊತ್ತಾಯಿತು. ತರಗತಿಯ ಕಪ್ಪುಹಲಗೆಯನ್ನೂ ಅವನು ಕಣ್ಣು ಕಿರಿದುಮಾಡಿಯೇ ಓದುತ್ತಿದ್ದ. ಕನ್ನಡಕ ಬಂತು, ನಿದ್ದೆ ಸರಿಹೋಯಿತು, ತಲೆನೋವು ಎರಡೇ ವಾರದಲ್ಲಿ ಹೋಯಿತು.

ಇದು ಕಾಯಿಲೆಯೇ?

ಹೆಚ್ಚಿನ ಮಕ್ಕಳ ವಿಷಯದಲ್ಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಅದಕ್ಕೆ ಮೂರು ಲಕ್ಷಣಗಳು: ಆಟದ ಮೇಲೆ ಹತೋಟಿ ತಪ್ಪುವುದು; ಉಳಿದ ಆಸಕ್ತಿ, ದಿನದ ಕೆಲಸಗಳೆಲ್ಲಕ್ಕಿಂತ ಆಟವೇ ಮೊದಲಾಗುವುದು; ಹಾನಿಯಾಗುತ್ತಿದ್ದರೂ ಮುಂದುವರಿಸುವುದು. ಇದರಿಂದ ಓದು, ಕುಟುಂಬ, ಸ್ನೇಹ, ಕೆಲಸ ಗಣನೀಯವಾಗಿ ಕೆಡಬೇಕು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ಲಕ್ಷಣಗಳು ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ.

ಆದ್ದರಿಂದ 'ಎಷ್ಟು ಗಂಟೆ ಆಡುತ್ತಾನೆ' ಎಂಬುದರ ಜೊತೆಗೆ 'ಏನನ್ನು ಬಿಟ್ಟು ಆಡುತ್ತಾನೆ' ಎಂದೂ ಕೇಳಿ. ಊಟ, ನಿದ್ದೆ, ಶಾಲೆ, ಗೆಳೆಯರು, ಸ್ನಾನ ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ ತಡಮಾಡಬೇಡಿ. ಎಷ್ಟೋ ವೇಳೆ ಖಿನ್ನತೆ, ಶಾಲೆಯಲ್ಲಿ ಯಾರದೋ ಕಾಟ, ಓದಿನ ತೊಂದರೆ ಮೊದಲು ಬಂದಿರುತ್ತದೆ; ಆಟ ಆಮೇಲೆ ಸಿಕ್ಕ ಆಸರೆಯಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಸಮಸ್ಯೆಗಳಿಗಾಗಿಯೇ 2014ರಲ್ಲಿ 'ಶಟ್ ಕ್ಲಿನಿಕ್' ಆರಂಭವಾಯಿತು. 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಪೋಷಕರು ಏನು ಮಾಡಬಹುದು?

1. ಒಂದು ದಿನ ಪಕ್ಕದಲ್ಲಿ ಕೂತು ನೋಡಿ. 'ಇವತ್ತು ಏನು ಕಟ್ಟಿದೆ?' ಎಂದು ಕೇಳಿ. ಆಟ ಮಗುವಿನ ವಯಸ್ಸಿಗೆ ತಕ್ಕುದೇ ಎಂಬುದೂ ತಿಳಿಯುತ್ತದೆ. ಈ ಆಟದ ಗಣಿಯ ದ್ವೀಪದಲ್ಲಿ ಮದ್ಯದಂಗಡಿಯೂ ಇದೆ.

2. ಒಮ್ಮೆಗೇ ತಂತಿ ಕೀಳಬೇಡಿ. ಹತ್ತು ನಿಮಿಷ ಮೊದಲೇ ಹೇಳಿ, ಮಾಡಿದ ಕೆಲಸವನ್ನು ಸೇವ್ ಮಾಡಲು ಬಿಡಿ. 'ಇಷ್ಟು ಗಂಟೆಗೆ' ಎನ್ನುವುದಕ್ಕಿಂತ 'ಈ ಕೋಣೆ ಮುಗಿದ ಮೇಲೆ' ಎಂಬ ಒಪ್ಪಂದ ಸುಲಭವಾಗಿ ನಡೆಯುತ್ತದೆ.

3. ಕಟ್ಟಿದ್ದನ್ನು ಎಂದೂ ಅಳಿಸಬೇಡಿ. ನಿಮಗೆ ಅದು ಬರೀ ಚಿತ್ರ; ಮಗುವಿಗೆ ಅದು ತಿಂಗಳುಗಳ ದುಡಿಮೆ.

4. ಮಲಗುವ ಕೋಣೆಯಲ್ಲಿ ಆಟದ ಯಂತ್ರ, ಮೊಬೈಲ್ ಬೇಡ. ಮಲಗುವ ಒಂದು ಗಂಟೆ ಮೊದಲೇ ಆಟ ನಿಲ್ಲಲಿ. ಈ ನಿಯಮ ಅಪ್ಪ ಅಮ್ಮನಿಗೂ ಅನ್ವಯಿಸಲಿ.

5. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ.

6. ದಿನಕ್ಕೆ ಒಂದು ಗಂಟೆಯಾದರೂ ಮೈಬೆವರುವ ಆಟ ಬೇಕು. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಮಕ್ಕಳಲ್ಲಿ ಸಮೀಪದೃಷ್ಟಿ ಆರಂಭವಾಗುವುದನ್ನು ತಡೆಯಲು ನೆರವಾಗುತ್ತದೆ.

7. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ.

8. ಆಡುವಾಗ ಮಗು ಇದ್ದಕ್ಕಿದ್ದಂತೆ ಮಂಕಾಗಿ ನೋಡಿದರೆ, ಕೈಕಾಲು ಅದುರಿದರೆ ಆಟ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುವುದುಂಟು.

ಆ ಹುಡುಗನ ತಂದೆಯನ್ನೂ ನಾನು ಕರೆಸಿ ಮಾತಾಡಿದೆ. ಅಳಿಸಲು ಹೇಳಿದವನು ನಾನೇ, ತಪ್ಪು ನನ್ನದೂ ಹೌದು ಎಂದು ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನು ಕಟ್ಟಿದ್ದ ಅಂತ ನಾನು ನೋಡ್ಲೇ ಇಲ್ಲ ಡಾಕ್ಟ್ರೇ" ಎಂದರು.

ಆಟ ಮತ್ತೆ ಕಂಪ್ಯೂಟರಿಗೆ ಬಂತು. ಶಾಲೆಯಿದ್ದ ದಿನ ಒಂದು ಗಂಟೆ, ರಾತ್ರಿ ಒಂಬತ್ತಕ್ಕೆ ಬಂದ್. ಭಾನುವಾರ ಬೆಳಿಗ್ಗೆ ಅಪ್ಪ ಪಕ್ಕದಲ್ಲಿ ಕೂರುತ್ತಾರೆ. ಹುಡುಗ ಹಳೆಯ ಊರನ್ನು ನೆನಪಿನಿಂದಲೇ ಮತ್ತೆ ಕಟ್ಟುತ್ತಿದ್ದಾನೆ. ಮೊದಲ ಸಲದಷ್ಟು ಚೆನ್ನಾಗಿ ಬಂದಿಲ್ಲವಂತೆ. ಆದರೆ ಈ ಸಲ ಬಾವಿ ಎಲ್ಲಿರಬೇಕೆಂದು ತೋರಿಸಿದ್ದು ಅಪ್ಪನಂತೆ.